ಅಳುವ ಹಾಗೆ ಬರೆಯಬೇಡಿ

ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿ ಫಿಲಿಪೀನ್ಸಿನವಳು. ನನಗಿಂತ ಹತ್ತು ವರ್ಷ ಚಿಕ್ಕವಳು. ಊಟದ ಹೊತ್ತಿನಲ್ಲಿ ಅನ್ನದ ಡಬ್ಬಿಯನ್ನು ಒಂದು ಕಡೆ ಸರಿಸಿ ಟ್ಯಾಬಿನ ಮೇಲೆ ಚಿತ್ರ ಬರೆಯುತ್ತಾಳೆ. ಕುವೈತಿನಲ್ಲಿರುವ ಫಿಲಿಪೀನೊಗಳದ್ದೇ ಒಂದು ದೊಡ್ಡ ಆನ್‌ಲೈನ್ ಗುಂಪಿದೆ. ಅವಳ ಚಿತ್ರಗಳು ಹೋಗುವುದು ಅಲ್ಲಿಗೆ. ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತ ಕರಗಿಹೋಗುವ ಮನುಷ್ಯ, ಇಂಜೆಕ್ಷನ್ ಕಂಡು ಮಂಚದಡಿ ನುಗ್ಗಿದ ನಮ್ಮ ವಾರ್ಡಿನ ಪೋರ, ಹೀಗೆ. ಕೆಳಗೆ ಬಂದ ಮಾತುಗಳನ್ನೆಲ್ಲ ನನಗೆ ಇಂಗ್ಲಿಷಿನಲ್ಲಿ ಹೇಳಿ ತಾನೇ ಮೊದಲು ನಗುತ್ತಾಳೆ.

ಒಂದು ಬೆಳಿಗ್ಗೆ ಅವಳು ನಗದೆ ಬಂದಳು. ಹಿಂದಿನ ದಿನ ರಜೆ. ಹವಲ್ಲಿಯಲ್ಲಿ ಅವಳಿರುವ ಕಟ್ಟಡದ ಲಿಫ್ಟಿನಲ್ಲಿ ಯಾರೋ ಹೆಂಗಸು ಏನೂ ಕೇಳದೆ ತರಕಾರಿಯ ಚೀಲಗಳನ್ನು ಇವಳ ಕೈಗಿತ್ತು, "ಯಲ್ಲಾ, ನಡಿ, ಐದನೇ ಮಹಡಿ" ಎಂದಿದ್ದಳಂತೆ.

"ನೀನೇನು ಮಾಡಿದೆ?" ಎಂದೆ.

"ಹೊತ್ತುಕೊಂಡು ಹೋದೆ. ಬಾಗಿಲಲ್ಲಿ ಇಟ್ಟು ಬಂದೆ. ಮನೆಗೆ ಬಂದ ಮೇಲೆ ಸಿಟ್ಟು ಬಂತು."

ಆ ಸಿಟ್ಟಿನಲ್ಲೇ ಬರೆದ ಚಿತ್ರವನ್ನು ತೋರಿಸಿದಳು. ಒಂದು ಕಡೆ ಚೀಲ ಹಿಡಿದು ತಲೆ ತಗ್ಗಿಸಿದ ಹೆಣ್ಣು, ಇನ್ನೊಂದು ಕಡೆ ಸಮವಸ್ತ್ರ ತೊಟ್ಟು ನೆಟ್ಟಗೆ ನಿಂತ ಅವಳು. ಕೆಳಗೆ ಬರೆದಿದ್ದಳು: 'ನಾನು ಮನೆಗೆಲಸದವಳಲ್ಲ, ನರ್ಸ್. ನನ್ನ ದೇಶವನ್ನು ಸರಿಯಾಗಿ ನೋಡಿ.' ಗುಂಪಿನಲ್ಲಿ ಮೆಚ್ಚುಗೆಯ ಹೊಳೆಯೇ ಹರಿದಿತ್ತು. ದೇಶದ ಹೆಸರು ಉಳಿಸಿದೆ ಎಂದವರೇ ಎಲ್ಲ. ನಾನೂ ಅವಳ ಬೆನ್ನು ತಟ್ಟಿದೆ.

ಮಧ್ಯಾಹ್ನ ಚಿತ್ರದ ಕೆಳಗೆ ಒಂದು ಮಾತು ಬಂತು. ಅವಳು ಎರಡು ಸಲ ಓದಿಕೊಂಡು, ಟ್ಯಾಬನ್ನು ನನ್ನ ಕಡೆ ತಿರುಗಿಸಿ ಅರ್ಥ ಹೇಳಿದಳು: 'ಆತೆ, ನಾನು ಮನೆಗೆಲಸದವಳು. ನನ್ನನ್ನು ಯಾವ ದೇಶಕ್ಕೆ ಸೇರಿಸುತ್ತೀರಿ?'

ಆತೆ ಎಂದರೆ ಅವರಲ್ಲಿ ಅಕ್ಕ; ವಯಸ್ಸು ನೋಡದೆ ಮರ್ಯಾದೆಗೂ ಹಾಗೆ ಕರೆಯುತ್ತಾರೆ. ಆ ಒಂದು ಶಬ್ದವೇ ಅವಳಿಗೆ ಹೆಚ್ಚು ನೋವು ಕೊಟ್ಟಿತೆಂದು ಕಾಣುತ್ತದೆ. ಸಂಜೆಯೊಳಗೆ ಚಿತ್ರವನ್ನು ತೆಗೆದುಹಾಕಿದಳು. ಅಷ್ಟರಲ್ಲಿ ಗುಂಪು ಇಬ್ಭಾಗವಾಗಿತ್ತು. 'ಜಗತ್ತೆಲ್ಲ ನಮ್ಮನ್ನು ಕೆಲಸದವರು ಎಂದೇ ನೋಡಬೇಕೇ?' ಎಂದು ಕೆಲವರು. 'ಊರಿನ ಮಕ್ಕಳನ್ನು ಓದಿಸಿದ್ದು ಯಾರ ಕೈ?' ಎಂದು ಉಳಿದವರು. ಅವಳು ಯಾರಿಗೂ ಉತ್ತರಿಸಲಿಲ್ಲ. ಆತೆ ಎಂದು ಬರೆದಿದ್ದ ಆ ಹೆಂಗಸಿಗೆ ಮಾತ್ರ ಬೇರೆಯಾಗಿ ಕ್ಷಮೆ ಕೇಳಿ ಬರೆದಳು. ಶುಕ್ರವಾರ ನನಗೆ ರಜೆ, ಬಂದು ಭೇಟಿಯಾಗು ಎಂದು ಉತ್ತರ ಬಂತು.

"ಒಬ್ಬಳೇ ಹೋಗಲು ಭಯ. ನೀನೂ ಬಾ," ಎಂದಳು ನನ್ನ ಗೆಳತಿ.

ಬ್ನೇದ್ ಅಲ್ ಗಾರ್‌ನ ಸಮುದ್ರದ ಬದಿಯ ಬೆಂಚಿನಲ್ಲಿ ಆಕೆ ಕುಳಿತಿದ್ದರು. ನಲವತ್ತೈದರ ಪ್ರಾಯ. ಕಪ್ಪು ಕನ್ನಡಕ, ಕೆಂಪು ಲಿಪ್‌ಸ್ಟಿಕ್, ತೊಡೆಯ ಮೇಲೆ ಪ್ಲಾಸ್ಟಿಕ್ ಡಬ್ಬಿ. ಗೆಳತಿ ಸಾರಿ ಎಂದು ಶುರು ಮಾಡುವ ಮೊದಲೇ, "ಖಲಾಸ್, ಅದು ಮುಗೀತು. ತಿನ್ನು," ಎಂದು ಡಬ್ಬಿ ತೆರೆದರು. ಅನ್ನ, ಹುರಿದ ಒಣಮೀನು. ನನ್ನ ಮೂಗು ಅರಳಿತು. ನಮ್ಮ ಮನೆಯಲ್ಲೂ ಅದೇ ವಾಸನೆ. ಆಕೆ ಕೆಲಸಕ್ಕಿರುವ ಯಜಮಾನರ ಮನೆಯಲ್ಲಿ ಆ ವಾಸನೆ ಆಗದು, ವಾರಕ್ಕೊಮ್ಮೆ ಸ್ನೇಹಿತೆಯ ಕೋಣೆಯಲ್ಲಿ ಹುರಿದು ತರುತ್ತಾರಂತೆ.

ಮೂವರೂ ಕೈಯಲ್ಲೇ ತಿಂದೆವು. ಆಮೇಲೆ ಆಕೆ ಹೇಳಿದರು: "ನೀನು ಮಾತ್ರ ಅಲ್ಲ. ನಮ್ಮನ್ನು ಬರೆಯುವವರೆಲ್ಲ ಒಂದೋ ಸೂಟ್‌ಕೇಸ್ ಕೊಟ್ಟು ಅಳಿಸ್ತಾರೆ, ಇಲ್ಲಾಂದ್ರೆ ಬಾವುಟ ಕೊಟ್ಟು ವೀರರನ್ನಾಗಿ ಮಾಡ್ತಾರೆ. ನನಗೆ ಎರಡೂ ಬೇಡ. ಹೀಗೆ ಕಾಲು ಚಾಚಿ ಮೀನು ತಿನ್ನೋದನ್ನು ಬರೆ. ಅಳುವ ಹಾಗೆ ಬರೀಬೇಡ."

ಗೆಳತಿ ಅಲ್ಲೇ ಬರೆದಳು. ಬೆರಳಿಗಂಟಿದ ಅನ್ನದ ಅಗುಳನ್ನೂ ಬಿಡಲಿಲ್ಲ. ಆಕೆ ನೋಡಿ, "ಹೊಟ್ಟೆ ಸ್ವಲ್ಪ ಕಡಿಮೆ ಮಾಡು," ಎಂದು ನಕ್ಕರು. ಕೆಳಗೆ ಒಂದಕ್ಷರವನ್ನೂ ಬರೆಯದೆ ಆ ಚಿತ್ರ ಗುಂಪಿಗೆ ಹೋಯಿತು. ಮರುವಾರ ಬೇರೆ ಬೇರೆ ಮನೆಗಳ ಹೆಂಗಸರು ತಮ್ಮ ಫೋಟೋ ಕಳಿಸತೊಡಗಿದರು: ಉಗುರಿಗೆ ಬಣ್ಣ ಹಚ್ಚುತ್ತಿರುವವರು, ಬಸ್ಸಿನಲ್ಲಿ ಬಾಯಿ ತೆರೆದು ನಿದ್ದೆಹೋದವರು. ಈಗಲೂ ಅವಳು ವಾರಕ್ಕೊಬ್ಬರನ್ನು ಬರೆಯುತ್ತಾಳೆ.

ಆ ಶುಕ್ರವಾರ ಅಬ್ಬಾಸಿಯಾದ ನನ್ನ ಮನೆಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಊರಿನದೇ ಯೋಚನೆ. ನನಗೂ ಒಬ್ಬರನ್ನು ಬಚ್ಚಿಟ್ಟ ಪಾಪವಿತ್ತು. ನನ್ನ ಮಾವ್ಶಿ, ಎಂದರೆ ಅಮ್ಮನ ತಂಗಿ, ನಾನು ಶಾಲೆಗೆ ಹೋಗುವ ಕಾಲದಲ್ಲಿ ಇದೇ ಕುವೈತಿನಲ್ಲಿ ಮನೆಗೆಲಸಕ್ಕಿದ್ದರು. ನಾನು ನರ್ಸಿಂಗ್ ಓದಿದ್ದು ಅವರು ಕಳಿಸಿದ ದುಡ್ಡಿನಲ್ಲಿ. ಆದರೆ ನಮ್ಮ ಮನೆಯಲ್ಲಿ ಕೇಳಿದವರಿಗೆಲ್ಲ 'ಆಫೀಸಿನಲ್ಲಿ' ಎನ್ನುತ್ತಿದ್ದೆವು. ಮದುವೆಯ ಸಮಯ ನನ್ನ ಗಂಡನ ಮನೆಯವರಿಗೂ ಹಾಗೆಯೇ ಹೇಳಿದ್ದು. ಮಗಳಿಗೂ ಅದನ್ನೇ ಹೇಳಿ ಬೆಳೆಸಿದೆ. ಮಾವ್ಶಿ ಎಂದೂ ತಿದ್ದಲಿಲ್ಲ.

ಕೆಲವು ವಾರ ಕಳೆದು ಗೆಳತಿಗೆ ಇದನ್ನು ಹೇಳಿದೆ. ಅವಳು ಬೈಯಲಿಲ್ಲ. "ಅವರದ್ದೊಂದು ಫೋಟೋ ಕೊಡು," ಎಂದಳಷ್ಟೆ. ಒಂದು ರಜೆಯ ದಿನ ಮನೆಗೆ ಬಂದಳು. ನಾನು ಊರಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ಮಾವ್ಶಿಯವರಲ್ಲಿ ಕುವೈತಿನ ಫೋಟೋ ಉಂಟಾ ಎಂದು ಕೊಂಕಣಿಯಲ್ಲಿ ಕೇಳಿದೆ.

"ಫೋಟೋ ಎಲ್ಲಿಂದ ಮಗಾ? ನನ್ನದು ಯಾರು ತೆಗೀತಾರೆ?"

"ಹಾಗಾದ್ರೆ ನೀವೇ ಹೇಳಿ ಮಾವ್ಶಿ, ಇವಳು ಬರೀತಾಳೆ. ಆಗ ನಿಮಗೆ ಖುಷಿ ಆಗ್ತಿದ್ದದ್ದು ಯಾವಾಗ?"

ಮಾವ್ಶಿ ಹೇಳಿದರು: "ಬಟ್ಟೆ ಒಣಗಿಸ್ಲಿಕ್ಕೆ ಟೆರೇಸಿಗೆ ಹೋಗುವಾಗ. ಅಲ್ಲಿ ನೀರಿನ ಟ್ಯಾಂಕಿನ ನೆರಳು ಉಂಟು. ತಲೆ ಬಿಚ್ಚಿ ಬಾಚಿಕೊಳ್ತಿದ್ದೆ. ಆಗ ನನ್ನ ಕೂದಲು ಮೊಣಕಾಲಿನವರೆಗೆ ಇತ್ತು, ಗೊತ್ತುಂಟಲ್ಲ ನಿನಗೆ. ಕೆಳಗಿಂದ ಯಾರೂ ಕರೀತಿರ್ಲಿಲ್ಲ."

ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಗೆಳತಿ ಬರೆಯುತ್ತ, ಬಾಚಣಿಗೆ ಯಾವ ಬಣ್ಣ, ಗಾಳಿ ಯಾವ ಕಡೆಯಿಂದ ಎಂದೆಲ್ಲ ಕೇಳಿದಳು. ಮಾವ್ಶಿಗೆ ಎಲ್ಲ ನೆನಪಿತ್ತು.

ಒಳಗಿನಿಂದ ಬಂದು ನಿಂತಿದ್ದ ನನ್ನ ಹದಿನಾಲ್ಕರ ಮಗಳು ಮೆಲ್ಲಗೆ, "ಮಮ್ಮಿ, ಯು ಸೆಡ್ ಆಫೀಸ್," ಎಂದಳು.

"ಹೌದು ಮಗಳೇ, ಸುಳ್ಳು ಹೇಳಿದ್ದೆ," ಎಂದೆ.

ಅದು ಫೋನಿನಲ್ಲಿ ಕೇಳಿಸಿರಬೇಕು. "ಇರಲಿ ಬಿಡು, ನನಗೇನೂ ಬೇಜಾರಿಲ್ಲ," ಎಂದರು ಮಾವ್ಶಿ. ಮತ್ತೆ ತಡೆದು, "ಸ್ವಲ್ಪ ಇತ್ತು. ಈಗಿಲ್ಲ," ಎಂದರು.

ಮಗಳು ನೆಲದ ಮೇಲೆ ಗೆಳತಿಯ ಪಕ್ಕದಲ್ಲಿ ಕುಳಿತು, ಕೂದಲು ಇನ್ನೂ ಉದ್ದ ಆಗಬೇಕು ಎಂದು ಬೆರಳಿಟ್ಟು ತೋರಿಸಿದಳು. ಚಿತ್ರ ಮುಗಿದ ಕೂಡಲೇ ಊರಿಗೆ ಕಳಿಸಿದೆವು. ಮರುದಿನ ಬೆಳಿಗ್ಗೆ ನೋಡಿದರೆ ಮಾವ್ಶಿಯ ಫೋನಿನ ಪ್ರೊಫೈಲಿನಲ್ಲಿ ಮೊದಲಿದ್ದ ಗುಲಾಬಿ ಹೂವಿನ ಬದಲು ಟೆರೇಸಿನಲ್ಲಿ ತಲೆ ಬಾಚುವ ಹುಡುಗಿ ಇದ್ದಳು.