ಬಚ್ಚಲುಮನೆಯ ಕರ್ಣಕುಂಡಲ

ಆ ವರ್ಷ ಲಂಡನ್ನಿನಲ್ಲಿ ಬೇಸಿಗೆ, ನಮ್ಮ ಮನೆಯ ಬಚ್ಚಲಲ್ಲಿ ಮಾತ್ರ ಮಳೆಗಾಲ. ಅದನ್ನು ತಂದವಳು ನಾನೇ. ರೇನರ್ಸ್ ಲೇನ್‌ನ ಬಾಡಿಗೆ ಮನೆ, ಬಚ್ಚಲ ಕಿಟಕಿಯಂಚಿನಲ್ಲಿ ಒಂದು ಕುಂಡ, ಕುಂಡದಲ್ಲಿ ಗೇಣುದ್ದದ ಗಿಡ. ಯಾರೇ ಸ್ನಾನಕ್ಕೆ ಹೋದರೂ ಮೊದಲು ಬಿಸಿನೀರು ಬಿಟ್ಟು ಹಬೆ ತುಂಬಿಸಬೇಕು. ಕಿಟಕಿ ತೆರೆಯಕೂಡದು. ಗಿಡದ ಮೇಲೆ ಸೋಪಿನ ನೊರೆ ಹಾರಿತೋ, ಅವತ್ತು ಮನೆಯಲ್ಲಿ ರಾಮಾಯಣ. "ಇದೆಂತ ಬಚ್ಚಲೋ, ಕೊಲ್ಲೂರು ಘಾಟಿಯೋ?" ಎಂದು ನನ್ನ ಗಂಡ ದಿನಾ ಗೊಣಗುತ್ತಿದ್ದರು. "ಘಾಟಿಯೇ. ಮಾತಾಡದೆ ಮೀಯಿರಿ" ಎನ್ನುತ್ತಿದ್ದೆ.

ಅದು ಕರ್ಣಕುಂಡಲದ ಗಿಡ. ಮಳೆಗಾಲದಲ್ಲಿ ನಮ್ಮೂರ ಕಡೆ ಕಲ್ಲುಗೋಡೆಯ ಸಂದಿಯಲ್ಲೆಲ್ಲ ಏಳುವ, ಗುಲಾಬಿ ಬಣ್ಣದ, ಹಿಂದೆ ಸಣ್ಣ ಬಾಲವಿರುವ ಹೂವು. ಆದರೆ ಈ ಕುಂಡದಲ್ಲಿದ್ದದ್ದು ಅಂಥಿಂಥ ಕರ್ಣಕುಂಡಲವಲ್ಲ. ಇದರ ಹಿಂದೆ ಒಬ್ಬ ಡಾಕ್ಟರು ಇದ್ದ.

ನಾನು ಮದುವೆಗೆ ಮೊದಲು ಕುಂದಾಪುರದಲ್ಲಿ ಕಾಲೇಜು ಹುಡುಗರಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದವಳು. ಲಂಡನ್ನಿಗೆ ಬಂದ ಮೇಲೆ ಗಂಡನ ಹೋಟೆಲಿನ ಕೌಂಟರಿನಲ್ಲಿ ನಿಂತೆ. ದೋಸೆ ಪಾರ್ಸೆಲ್ ಕಟ್ಟಿಸುವುದು, ಟೇಬಲ್ ಬುಕ್ ಮಾಡುವುದು, ಎಲ್ಲರಿಗೂ ನಾನು ಆಂಟಿ. ಬೇಜಾರಿನ ಕೆಲಸವೇನಲ್ಲ. ಆದರೆ ಕಲಿತದ್ದೆಲ್ಲ ತಲೆಯೊಳಗೆ ಕೊಳೆಯುತ್ತಿದೆ ಎಂದು ಒಳಗೊಳಗೇ ಉರಿಯುತ್ತಿತ್ತು. ಹಾಗಾಗಿ ವಾರದಲ್ಲಿ ಒಂದು ದಿನ ಟ್ಯೂಬ್ ರೈಲು ಹತ್ತಿ, ಊರಿನ ಇನ್ನೊಂದು ಮೂಲೆಯ ಹರ್ಬೇರಿಯಮ್ಮಿಗೆ ಸ್ವಯಂಸೇವೆಗೆ ಹೋಗತೊಡಗಿದೆ. ಪ್ರಪಂಚದ ಗಿಡಗಳನ್ನೆಲ್ಲ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕಪಾಟಿನಲ್ಲಿ ಜೋಡಿಸಿಟ್ಟ ಜಾಗ ಅದು. ಹಾಳೆಗಳ ಫೋಟೋ ತೆಗೆಯುವುದು ನನ್ನ ಕೆಲಸ.

ಒಂದು ದಿನ ಕೈಗೆ ಬಂತು ನೋಡಿ ಒಂದು ಹಾಳೆ! ಸಾವಿರದ ಎಂಟುನೂರರ ಚಿಲ್ಲರೆ ಇಸವಿ, ಕಂಪನಿ ದಂಡಿನ ಡಾಕ್ಟರೊಬ್ಬನ ಕೈಬರಹ, ಗಿಡ ಸಿಕ್ಕಿದ ಜಾಗ ನಾನು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಎಷ್ಟೋ ಸಲ ಹತ್ತಿ ಇಳಿದ ಘಾಟಿ. ನನ್ನ ಮೈ ಜುಂ ಎಂದಿತು. ಪಕ್ಕದಲ್ಲಿ ಕೂತವರಿಗೆಲ್ಲ "ನಮ್ಮೂರು, ನಮ್ಮೂರು" ಎಂದು ತೋರಿಸಿಕೊಂಡು ಬಂದೆ. ಹಾಳೆಯಲ್ಲಿ ಒಂದು ಕಾಂಡ, ನಾಲ್ಕು ಎಲೆ, ಹೂವಿದ್ದ ಕಡೆ ಕಂದು ಕಲೆ. ಕರ್ಣಕುಂಡಲದ ಹಣೆಬರಹವೇ ಅಷ್ಟು. ಮುಟ್ಟಿದರೆ ಉದುರುತ್ತದೆ, ಒತ್ತಿ ಒಣಗಿಸಿದರೆ ಲೋಳೆಯಾಗುತ್ತದೆ.

ಅವತ್ತಿನಿಂದ ಅವನು ನನ್ನ ಡಾಕ್ಟರು. ಜ್ವರ ಬಂದ ಸಿಪಾಯಿಗಳಿಗೆ ಮದ್ದು ಕೊಡುತ್ತ, ಜಿಗಣೆ ಕಚ್ಚಿಸಿಕೊಳ್ಳುತ್ತ ಘಟ್ಟ ಹತ್ತಿ ಒಂದಷ್ಟು ಗಿಡಗಳಿಗೆ ಹೆಸರಿಟ್ಟಿದ್ದ. ಆಮೇಲೆ ಲಂಡನ್ನಿನಲ್ಲಿ ಕುರ್ಚಿ ಬಿಟ್ಟು ಏಳದ ದೊಡ್ಡ ಮನುಷ್ಯರು ಒಂದೊಂದನ್ನೇ ಹೊಡೆದು ಹಾಕಿದರು. ಇದಕ್ಕೆ ಮೊದಲೇ ಬೇರೆ ಹೆಸರಿತ್ತು, ಅದು ಬೇರೆ ಗಿಡವೇ ಅಲ್ಲ, ಹೀಗೆ. ಕೊನೆಗೆ ಉಳಿದದ್ದು ಈ ಕರ್ಣಕುಂಡಲ ಒಂದೇ. ಅದಕ್ಕೂ ಕುತ್ತು ಬಂದಿತ್ತು.

ಕುತ್ತು ಏನೆಂದರೆ, ಹೂವಿನ ಬಾಲ ಬಲಕ್ಕೆ ತಿರುಗಿದೆ ಎಂದು ಡಾಕ್ಟರು ಬರೆದಿದ್ದ. ಅವನಾದ ಮೇಲೆ ಲಂಡನ್ನಿನ ಒಬ್ಬ ದೊಡ್ಡ ಪಂಡಿತ ಅದೇ ಘಟ್ಟದಿಂದ ಬಂದ ಗಿಡಕ್ಕೆ, ಬಾಲ ಎಡಕ್ಕೆ ತಿರುಗಿದೆ ಎಂದು ಬರೆದು, ತನ್ನದೇ ಒಂದು ಹೆಸರಿಟ್ಟ. ಆಮೇಲೆ ಆ ಘಟ್ಟಕ್ಕೆ ಹೋದವರಿಗೆಲ್ಲ ಸಿಕ್ಕಿದ್ದು ಎಡದ್ದೇ. ಬಲಕ್ಕೆ ತಿರುಗುವ ಹೂವನ್ನು ಯಾರೂ ಕಂಡಿಲ್ಲ. ಡಾಕ್ಟರಿಗೆ ಕಣ್ಣು ಮಂಜಾಗಿತ್ತು ಎಂದು ಎಲ್ಲರೂ ತೀರ್ಮಾನಿಸಿದರು. ನಮ್ಮ ಹರ್ಬೇರಿಯಮ್ಮಿಗೆ ಬರುತ್ತಿದ್ದ ಕರ್ಣಕುಂಡಲದ ತಜ್ಞರೊಬ್ಬರು, ಬೆಳ್ಳಗೆ ಉದ್ದಕ್ಕಿದ್ದ ಮೆದುಮಾತಿನ ಮನುಷ್ಯ, ಹೊಸ ಪುಸ್ತಕ ಬರೆಯುತ್ತಿದ್ದರು. ಅದರಲ್ಲಿ ಡಾಕ್ಟರು ಇಟ್ಟ ಹೆಸರನ್ನು ತೆಗೆದುಬಿಡುವುದು ಎಂದಿದ್ದರು. ನನಗೆ ಎಲ್ಲಿತ್ತೋ ಸಿಟ್ಟು! ಕಪಾಟುಗಳ ಮಧ್ಯೆ ನಿಂತು ಜಗಳವಾಡಿದೆ. ಅವರು ನಗುತ್ತ, "ಬಲಕ್ಕೆ ತಿರುಗಿದ ಒಂದೇ ಒಂದು ಹೂ ತೋರಿಸಿ, ಹೆಸರು ಉಳಿಸುತ್ತೇನೆ" ಅಂದರು. "ತೋರಿಸದಿದ್ದರೆ ಕೇಳಿ" ಅಂದೆ.

ಬಾಯಿ ಬಿಟ್ಟ ಮೇಲೆ ತೋರಿಸಬೇಕಲ್ಲ. ಅದೇ ಘಾಟಿಯ ಬೀಜಗಳು ಕಾಗದಪತ್ರ ಎಲ್ಲ ಸರಿಯಾಗಿಯೇ ಹರ್ಬೇರಿಯಮ್ಮಿನ ಗಾಜಿನ ಮನೆಗೆ ಬಂದಿದ್ದವು. ಮೊಳೆತವು ಒಂದೊಂದಾಗಿ ಕೊಳೆತು ಸತ್ತವು. ಕೊನೆಗೆ ಉಳಿದ ಒಂದು ಬಡಕಲು ಸಸಿಯನ್ನು, "ನಿಮ್ಮ ಊರಿನದ್ದು, ನಿಮ್ಮ ಕೈಗುಣ ನೋಡಿ" ಎಂದು ನನಗೆ ಕೊಟ್ಟರು. ಹೀಗೆ ಬಚ್ಚಲಿಗೆ ಬಂತು.

ಆಗಸ್ಟಿನ ಕೊನೆಗೆ ಮೊಗ್ಗು ಕಚ್ಚಿತು. ಒಂದೇ ಮೊಗ್ಗು, ಉಳಿದವು ಉದುರಿದ್ದವು. ನಾನು ಹಲ್ಲುಜ್ಜುವಾಗ ನೋಡುವುದು, ಬಟ್ಟೆ ಒಗೆಯುವಾಗ ನೋಡುವುದು, ಹೋಟೆಲಿನಿಂದ ಫೋನ್ ಮಾಡಿ "ಒಮ್ಮೆ ನೋಡಿ ಹೇಳಿ" ಎಂದು ಗಂಡನನ್ನು ಎಬ್ಬಿಸುವುದು. ಗೌರಿ ಹಬ್ಬದ ಹಿಂದಿನ ಸಂಜೆ ಮೊಗ್ಗು ಬಣ್ಣ ತಿರುಗಿತು. ಬಾಲ ಇನ್ನೂ ಮಡಚಿಕೊಂಡಿತ್ತು, ಎಡವೋ ಬಲವೋ ಹೇಳುವ ಹಾಗಿರಲಿಲ್ಲ. ತಜ್ಞರಿಗೆ ಮೆಸೇಜ್ ಹಾಕಿದೆ: ನಾಳೆ ಅರಳುತ್ತದೆ, ಬನ್ನಿ. ಪುಸ್ತಕ ಅಚ್ಚಿಗೆ ಹೋಗುವ ಹೊತ್ತು, ನಾಳೆ ಬಿಟ್ಟರೆ ಆಗುವುದಿಲ್ಲ, ಬೆಳಿಗ್ಗೆ ಬರುತ್ತೇನೆ ಎಂದರು.

ಬೆಳಿಗ್ಗೆ ಎದ್ದವಳೇ ಬಚ್ಚಲಿಗೆ ಓಡಿದೆ. ಗಿಡ ಇತ್ತು. ಹೂ ಇರಲಿಲ್ಲ.

ನನ್ನ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ನೆಲದ ಮೇಲೆ ಹುಡುಕಿದೆ, ಟಬ್ಬಿನಲ್ಲಿ ಹುಡುಕಿದೆ. ಆಮೇಲೆ ಗಂಟೆಯ ಸದ್ದು ಕೇಳಿತು. ಹೊರಗೆ ಹೋಗಿ ನೋಡಿದರೆ ನಮ್ಮತ್ತೆ ಮಡಿಯುಟ್ಟು ಗೌರಿಯ ಮುಂದೆ ಕೂತಿದ್ದಾರೆ. ಟಿವಿ ಸ್ಟ್ಯಾಂಡಿನ ಮೇಲೆ ಕಲಶ, ಕಲಶಕ್ಕೆ ಊರಿನಿಂದ ಸೀರೆಯೊಳಗೆ ಸುತ್ತಿ ತಂದ ಬೆಳ್ಳಿಯ ಮುಖ, ಮುಖದ ನೆತ್ತಿಯ ಮೇಲೆ, ತೆಂಗಿನಕಾಯಿಗೂ ಮಾವಿನೆಲೆಗೂ ನಡುವೆ ಸಿಕ್ಕಿಕೊಂಡು, ನನ್ನ ಕರ್ಣಕುಂಡಲ.

ನಮ್ಮತ್ತೆ ಆರು ತಿಂಗಳ ವೀಸಾದಲ್ಲಿ ಬಂದವರು. ಬೆಳಿಗ್ಗೆ ಬೇಗ ಎದ್ದು ಯಾರ ಮನೆಯ ಹೂವಾದರೂ ಸರಿ, ಕೊಯ್ದು ದೇವರಿಗಿಡುವುದು ಅವರಿಗೆ ಉಸಿರಾಟದಷ್ಟೇ ಸಹಜ. ಬಂದ ವಾರದಲ್ಲೇ ಪಕ್ಕದ ಇಂಗ್ಲಿಷ್ ಅಜ್ಜಿಯ ಅಂಗಳದ ಹೂ ಕೊಯ್ದು, ನಾನು ಹೋಗಿ ಕ್ಷಮೆ ಕೇಳಿ, ಆ ಅಜ್ಜಿ ಈಗ ತಾನೇ ಕೊಯ್ದು ಗೇಟಿನ ಮೇಲೆ ಇಡುವಷ್ಟು ದೋಸ್ತಿ ಆಗಿತ್ತು. ಮನೆಯೊಳಗೇ ಅರಳಿದ ಹೂ, ಅದೂ ಗೌರಿ ಹಬ್ಬದ ದಿನ, ಅದೂ ಕರ್ಣಕುಂಡಲ! ಅವರು ಬಿಟ್ಟಾರೆಯೇ?

"ಅತ್ತೆ! ಅದನ್ನ ಯಾಕೆ ಕೊಯ್ದಿರಿ!"

"ಎಂತಕೆ ಬೊಬ್ಬೆ ಹೊಡಿತಿ ಹೆಣೆ? ದೇವ್ರಿಗೆ ಇಟ್ಟ್ ಆಯ್ತ್."

"ಒಮ್ಮೆ ತೆಗೆದು ನೋಡಿ ವಾಪಸ್ಸು ಇಡುತ್ತೇನೆ."

"ಇಟ್ಟ ಹೂ ತೆಗೂಕ್ ಆಗ. ಅವ್ಳೇ ಕೊಡ್ಕ್."

ದೇವಿಯೇ ಕೊಡಬೇಕು. ಅಂದರೆ ತಾನಾಗಿ ಬೀಳಬೇಕು. ನಮ್ಮ ಕಡೆ ಪ್ರಸಾದ ಕೇಳುವುದು ಹಾಗೆಯೇ. ಮನಸ್ಸಿನಲ್ಲಿ ಒಂದು ಪ್ರಶ್ನೆ ಇಟ್ಟುಕೊಂಡು ಕೂರುವುದು, ಬಲಗಡೆಯಿಂದ ಹೂ ಬಿದ್ದರೆ ಆಗುತ್ತದೆ, ಎಡಗಡೆಯಿಂದ ಬಿದ್ದರೆ ಇಲ್ಲ. ನಾನು ಅತ್ತೆಯ ಹತ್ತಿರ ಬೇಡಿದೆ, ಕೂಗಾಡಿದೆ, ಕಣ್ಣೀರು ಹಾಕಿದೆ. ಒಬ್ಬ ಸತ್ತ ಮನುಷ್ಯನ ಹೆಸರು ಆ ಹೂವಿನಲ್ಲಿದೆ ಎಂದು ಡಾಕ್ಟರ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ಹಂಗಾರೆ ಅದನ್ನೇ ಕೇಂಬ" ಎಂದು ಗೌರಿಯ ಕಡೆ ತಿರುಗಿ ಕೈ ಮುಗಿದರು. "ಅಬ್ಬೇ, ಇದ್ ಆ ಡಾಕ್ಟ್ರ ಹೂವೇ ಹೌದಾರೆ ಬಲಕ್ಕೆ ಕೊಡ್."

ಅಷ್ಟರಲ್ಲಿ ಕರೆಗಂಟೆ. ತಜ್ಞರು ಬಂದೇಬಿಟ್ಟರು, ಕುತ್ತಿಗೆಯಲ್ಲಿ ಭೂತಗನ್ನಡಿ, ಬೆನ್ನಿಗೆ ಚೀಲ. ನಾನು ಮುಖ ಸಣ್ಣದು ಮಾಡಿಕೊಂಡು ವಿಷಯ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರ ಕಣ್ಣು ಇಷ್ಟಗಲ ಆಯಿತು. "ಎಷ್ಟು ಹೊತ್ತಿಗೆ ಕೊಡುತ್ತಾಳೆ?" ಎಂದು ಕೇಳಿದರು. ಅವಳಿಗೆ ಮನಸ್ಸಾದಾಗ ಎಂದು ಅತ್ತೆಯ ಉತ್ತರ. ಶೂ ಬಿಚ್ಚಿ, ಉದ್ದ ಕಾಲನ್ನು ಹೇಗೋ ಮಡಚಿ ಅವರೂ ಕಾರ್ಪೆಟ್ಟಿನ ಮೇಲೆ ಕೂತರು. ಅತ್ತೆ ಪಾಯಸ ಕೊಟ್ಟರು. ನಾವು ಮೂವರೂ ಆ ಹೂವನ್ನೇ ನೋಡುತ್ತ ಕೂತೆವು. ಬಾಲ ಮಾವಿನೆಲೆಯ ಹಿಂದೆ, ಎಷ್ಟು ಕತ್ತು ಚಾಚಿದರೂ ಕಾಣದು. ದೀಪದ ಬಿಸಿಗೆ ತೊಟ್ಟು ಸಡಿಲವಾದೀತು ಎಂದು ತಜ್ಞರು ಪಿಸುಗುಟ್ಟಿದರು. ಅತ್ತೆ ಗದರಿಸಿದರು.

ಅತ್ತೆ ಆರತಿ ಎತ್ತಿದರು. ಹೂ ಅಲುಗಿತು. ಜಾರಿತು. ಬಿತ್ತು, ಎಡಕ್ಕೆ.

ಅತ್ತೆ ಹೂವೆತ್ತಿ ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟರು. ತಿರುಗಿಸಿ ನೋಡಿದೆ. ಹೂವಿನ ಬಾಲವೂ ಎಡಕ್ಕೆ. ತಜ್ಞರು ಭೂತಗನ್ನಡಿ ಹಿಡಿದು ನೋಡಿದರು. "ಎಡ. ಕ್ಷಮಿಸಿ" ಎಂದರು, ನಿಜವಾಗಿಯೂ ಬೇಸರದಲ್ಲೇ. ನನಗೆ ಅಳು ಬಂತು. ಬಚ್ಚಲಿನ ಹಬೆ, ಒಂದು ಬೇಸಿಗೆಯ ಆಸೆ, ನಾನು ಕಪಾಟುಗಳ ನಡುವೆ ಆಡಿದ ಜಂಬದ ಮಾತು, ಎಲ್ಲ ನೀರಲ್ಲಿ ಹೋಮ. ಎಡ ಬಲ ಗೊತ್ತಿಲ್ಲದ ಮುದುಕ ಘಟ್ಟ ಯಾಕೆ ಹತ್ತಬೇಕಿತ್ತು ಎಂದು ಡಾಕ್ಟರಿಗೇ ಬೈದೆ.

ಅತ್ತೆಯ ಮುಖ ಮಾತ್ರ ಹಬ್ಬದ ಹಾಗಿತ್ತು. "ಕಂಡ್ಯಾ? ಬಲಕ್ಕೆ ಕೊಟ್ಲ್!"

"ಎಲ್ಲಿ ಬಲ ಅತ್ತೆ? ನನ್ನ ಕಣ್ಣೆದುರೇ ಎಡಕ್ಕೆ ಬಿತ್ತು."

"ನಿನ್ ಎಡಬಲ ಯಾರ್ ಕೇಂಡದ್ದ್ ಹೆಣೆ? ಕೊಟ್ಟದ್ದ್ ಅವ್ಳ್. ಬಲವೂ ಅವ್ಳದ್ದೇ."

ಹೌದಲ್ಲ! ಗೌರಿ ನಮ್ಮ ಕಡೆ ಮುಖ ಮಾಡಿದ್ದಾಳೆ. ನಮ್ಮ ಎಡ ಅವಳ ಬಲ. ಚಿಕ್ಕಂದಿನಿಂದ ಕಂಡದ್ದು, ಕೌಂಟರಿನಲ್ಲಿ ನಿಂತು ನಿಂತು ಮರೆತೇಹೋಗಿತ್ತು. ಕೈಯಲ್ಲಿದ್ದ ಹೂವನ್ನು ನೋಡಿದೆ. ಅದೂ ನನ್ನ ಕಡೆ ಮುಖ ಮಾಡಿತ್ತು.

ನಾನು ಕಿರುಚಿದೆ. ಏನು ಕಿರುಚಿದೆನೋ, ಯಾವ ಭಾಷೆಯಲ್ಲೋ. "ಅವನು ಹೂವಿನ ಬಲ ಬರೆದಿದ್ದಾನೆ! ನೋಡುವವನ ಬಲ ಅಲ್ಲ, ಹೂವಿನದ್ದು!" ತಜ್ಞರು ಚೀಲದಿಂದ ಲ್ಯಾಪ್‌ಟಾಪ್ ಎಳೆದು ನೆಲದ ಮೇಲೇ ತೆರೆದರು. ಡಾಕ್ಟರು ಬರೆದ ಬೇರೆ ಗಿಡಗಳ ವರ್ಣನೆಗಳನ್ನು ಹುಡುಕಿದೆವು. ಒಂದು ಕಾಡುಗೆಣಸಿನ ಬಳ್ಳಿ ಬಲಕ್ಕೆ ಸುತ್ತುತ್ತದೆ ಎಂದು ಬರೆದಿದ್ದ. ಅವನೇ ಕೊಯ್ದ ಆ ಬಳ್ಳಿಯ ಹಾಳೆಯ ಫೋಟೋ ತೆರೆದರೆ, ನೋಡುವವರಿಗೆ ಎಡಕ್ಕೆ. ಇನ್ನೊಂದು ಬಳ್ಳಿ, ಅದೂ ಹಾಗೆಯೇ. ಅವನು ಒಂದು ಸಲವೂ ತಪ್ಪಿರಲಿಲ್ಲ. ಗಿಡದ ಜಾಗದಲ್ಲಿ ನಿಂತು ಬರೆದಿದ್ದ, ಓದಿದವರೆಲ್ಲ ತಮ್ಮ ಜಾಗದಲ್ಲಿ ಕೂತು ಓದಿದ್ದರು.

"ಹಾಗಾದರೆ ಡಾಕ್ಟರ ಗಿಡ, ಪಂಡಿತನ ಗಿಡ ಎರಡೂ ಒಂದೇ" ಎಂದರು ತಜ್ಞರು, ಒಂದೊಂದೇ ಮಾತಾಗಿ. "ಮೊದಲು ಹೆಸರಿಟ್ಟದ್ದು ಯಾರು?"

ಅವರಿಗೂ ಗೊತ್ತು, ನನಗೂ ಗೊತ್ತು. ಗಿಡಗಳ ಲೋಕದಲ್ಲಿ ಕಾನೂನು ಒಂದೇ: ಮೊದಲಿನವನ ಹೆಸರು ನಿಲ್ಲುತ್ತದೆ, ಆಮೇಲಿನವನದ್ದು ಬಿದ್ದುಹೋಗುತ್ತದೆ. ನಾನು ಅತ್ತೆಯನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದೆ. ಮಡಿ ಹೋಯಿತು ಎಂದು ಅವರು ಬೈಯುತ್ತಲೇ ನಕ್ಕರು. ಹೂವನ್ನು ಒಯ್ಯಬಹುದೇ ಎಂದು ತಜ್ಞರು ಕೈ ಚಾಚಿದರು, ಎಡಗೈ. ಅತ್ತೆ ತಟ್ಟನೆ ಹೂವಿದ್ದ ನನ್ನ ಕೈಯನ್ನು ಹಿಂದೆಳೆದು, "ಬಲಗೈ!" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆ ಮನುಷ್ಯ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು, "ನನ್ನ ಬಲವೋ, ಅವರ ಬಲವೋ?" ಎಂದು ಕೇಳಿದರು. ನಕ್ಕು ನಕ್ಕು ನನ್ನ ಹೊಟ್ಟೆ ನೋಯಿತು.

ಮುಂದಿನ ವಾರ ಹರ್ಬೇರಿಯಮ್ಮಿನಲ್ಲಿ ಡಾಕ್ಟರ ಹಾಳೆಯನ್ನು ಮೇಜಿನ ಮೇಲಿಟ್ಟರು. ಹಳೆಯ ಹಾಳೆಯ ಮೇಲಿನ ಬರಹವನ್ನು ಅಲ್ಲಿ ಯಾರೂ ತಿದ್ದುವುದಿಲ್ಲ. ಗಿಡ ಯಾವುದೆಂದು ಹೊಸದಾಗಿ ಗುರುತಿಸಿದವರು ಒಂದು ಸಣ್ಣ ಚೀಟಿಯಲ್ಲಿ ಸರಿಯಾದ ಹೆಸರು ಬರೆದು, ಕೆಳಗೆ ತಮ್ಮ ಹೆಸರು ಬರೆದು, ಪಕ್ಕದಲ್ಲಿ ಅಂಟಿಸುತ್ತಾರೆ. ತಜ್ಞರು ಬರೆಯುತ್ತಾರೆ ಎಂದು ನಾನು ಗೋಂದಿನ ಬಾಟಲಿ ಹಿಡಿದು ಕಾಯುತ್ತಿದ್ದೆ. ಅವರು ಪೆನ್ನನ್ನು ನನ್ನ ಕಡೆ ತಳ್ಳಿದರು. "ಗುರುತಿಸಿದ್ದು ನೀವು" ಎಂದರು.

ಡಾಕ್ಟರು ಇಟ್ಟ ಹೆಸರನ್ನು ಬರೆದೆ. ಕೆಳಗೆ ನನ್ನ ಹೆಸರನ್ನು ಬರೆಯಹೊರಟರೆ ಕೈ ನಿಂತಿತು. ಎಷ್ಟೋ ವರ್ಷವಾಗಿತ್ತು, ಈ ದೇಶದಲ್ಲಿ ಯಾರೂ ಅದನ್ನು ಕೇಳದೆ. ಆಮೇಲೆ ಪೂರ್ತಿಯಾಗಿ ಬರೆದೆ, ಅಪ್ಪ ಇಟ್ಟ ಹಾಗೆ, ಊರಿನ ಹೆಸರನ್ನೂ ಸೇರಿಸಿ.