ನೆತ್ತಿಶಾಸ್ತ್ರಿಯೂ ಹನ್ನೊಂದು ಸಿ ಸೀಟೂ

"ಮುಖ ಯಾರು ಬೇಕಾದ್ರೂ ನೋಡ್ತಾರೆ. ನನಗೆ ಬರೀ ನೆತ್ತಿ ತೋರಿಸಿ, ಹೊಟ್ಟೆಯೊಳಗೆ ಏನಿದೆ ಅಂತ ಹೇಳಿಬಿಡ್ತೀನಿ!"

ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವ ನಮ್ಮ ನೆತ್ತಿಶಾಸ್ತ್ರಿಯ ಇಪ್ಪತ್ತಾರು ವರ್ಷಗಳ ಜಂಬ ಇದು. ಆಧಾರವಿಲ್ಲದ ಜಂಬವೇನಲ್ಲ. ಕುರ್ಚಿಯ ಹಿಂದೆ ನಿಂತವನಿಗೆ ಕಾಣುವುದು ನೆತ್ತಿಯೊಂದೇ. ಅವನು ಇಲ್ಲಿಯವರೆಗೆ ತಳ್ಳಿದ ದೂರವನ್ನೆಲ್ಲ ಗಂಟು ಹಾಕಿ ಹಾಸಿದರೆ ಚಂದ್ರನಲ್ಲಿಗೆ ಹೋಗಿ, ಅಲ್ಲೊಂದು ಲೋಟ ಕಾಫಿ ಕುಡಿದು ವಾಪಸು ಬಂದರೂ ಇನ್ನೆರಡು ಮಾರು ಮಿಗುತ್ತದೆ. ರಾತ್ರಿಯಿಡೀ ಹಾರಿ ಬಂದವರ ಕೂದಲು ಒಂದು ಪಕ್ಕಕ್ಕೆ ಚಪ್ಪಟೆಯಾಗಿದ್ದರೆ ಕಿಟಕಿಗೆ ಒರಗಿ ಮಲಗಿದವರು; ಹಿಂದಕ್ಕೆ ಚಪ್ಪಟೆಯಾಗಿದ್ದರೆ ನಡುವಿನ ಸೀಟು; ಎಲ್ಲೂ ಆಗದಿದ್ದರೆ ಯಾರನ್ನೋ ನೆನೆದು ಬೆಳಗಿನ ತನಕ ಕೊರಗಿದವರು. ಒಮ್ಮೆ ಒಬ್ಬ ಮುದುಕರಿಗೆ, "ಯಜಮಾನ್ರೇ, ಕನ್ನಡಕ ವಿಮಾನದಲ್ಲೇ ಬಿಟ್ಟಿದೀರಿ" ಎಂದನಂತೆ. ನಿಜವಾಗಿತ್ತು. ಕನ್ನಡಕವನ್ನು ನೆತ್ತಿಗೆ ಏರಿಸಿಕೊಳ್ಳುವ ಜಾಗದಲ್ಲಿ ಕೂದಲು ಸವೆದಿತ್ತು, ಕನ್ನಡಕ ಇರಲಿಲ್ಲ, ಅಷ್ಟೇ. ಅಂದು ಕಾಫಿ ಕೌಂಟರಿನ ಹೆಂಗಸು ಇಟ್ಟ ಅಡ್ಡಹೆಸರೇ ಗಟ್ಟಿಯಾಯಿತು.

ಈ ವಿದ್ಯೆಗೆ ಮೊದಲ ಗುರು ಅವನ ಅಕ್ಕ. ಶಾಲೆಗೆ ಹೋಗುವಾಗ ಅವಳು ಸೈಕಲ್ ತುಳಿಯುತ್ತಿದ್ದಳು, ಇವನು ಹಿಂದಿನ ಕ್ಯಾರಿಯರಿನಲ್ಲಿ. ಅವಳ ವೇಗಕ್ಕೆ ಬೆನ್ನಟ್ಟಿ ಬರುವ ಗಾಳಿಗೂ ಏದುಸಿರು. ಆರು ವರ್ಷ ಇವನ ಕಣ್ಣೆದುರಿಗಿದ್ದದ್ದು ಆ ತಲೆಯೊಂದೇ: ಎರಡು ಸುಳಿ, ನಡುವೆ ಸೊಟ್ಟ ಬೈತಲೆ. "ಎಡಕ್ಕೆ ತಿರುಗಿಸಕ್ಕಾ, ಬಲಗಡೆ ಹೊಂಡ ಇದೆ" ಎಂದರೆ ಅವಳು ತಿರುಗಿಯೂ ನೋಡದೆ, "ಕೂತವರು ದಾರಿ ಹೇಳ್ಬಾರ್ದು, ತೆಪ್ಪಗಿರೋ!" ಎನ್ನುತ್ತಿದ್ದಳು. ಹಾಗಂದು ಹೊಂಡಕ್ಕೇ ಇಳಿಸುತ್ತಿದ್ದಳು.

ಆ ಅಕ್ಕ ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು. ಅಮ್ಮ ಹಾಸಿಗೆ ಹಿಡಿದ ಕೊನೆಯ ಹನ್ನೊಂದು ದಿನ, ದೂರದ ದೇಶದಲ್ಲಿದ್ದ ಅವಳಿಗೆ ಇವನು ಸುದ್ದಿಯನ್ನೇ ಮುಟ್ಟಿಸಲಿಲ್ಲ. "ಸುಮ್ನೆ ಅವಳನ್ನ ಗಾಬರಿ ಮಾಡ್ಬೇಡ ಮಗಾ, ನಾಳೆ ಎದ್ದು ಕೂರ್ತೀನಿ" ಎಂದು ಅಮ್ಮ ದಿನಾ ಹೇಳಿದಳು. ಇವನು ದಿನಾ ನಂಬಿದ. ಅಕ್ಕ ಬಂದು ಇಳಿದಾಗ ಹಾಸಿಗೆ ಮಡಿಸಿ ಇಟ್ಟಾಗಿತ್ತು. ಇವನು ಅಮ್ಮನ ಮಾತನ್ನೇ ಅವಳಿಗೆ ಒಪ್ಪಿಸಿದ. "ಇನ್ನು ಈ ಜನ್ಮದಲ್ಲಿ ನಿನ್ನ ಮುಖ ನೋಡಲ್ಲ" ಎಂದವಳು ಹೊಸ್ತಿಲಿಂದಲೇ ತಿರುಗಿ ಹೋದಳು.

ಹೋದ ವಾರ, ಇದ್ದಕ್ಕಿದ್ದಂತೆ ಅವಳಿಂದ ಒಂದು ಸಂದೇಶ. "ಬುಧವಾರ ಬೆಳಗ್ಗೆ ಬರ್ತೀನಿ. ನೀನಾಗಿ ಗುರುತು ಹಿಡಿದ್ರೆ ನಿನ್ನ ಮನೆಗೆ. ಇಲ್ಲಾಂದ್ರೆ ಹೋಟೆಲಿಗೆ."

ಏನೇ ಆದರೂ ಜಂಬ ಬಿಡಬೇಕಲ್ಲ. ಇವನು ಉತ್ತರ ಬರೆದ: "ಸಾವಿರ ತಲೆ ಮಧ್ಯೆ ಬಂದು ನಿಲ್ಲು. ನಿನ್ನ ಎರಡು ಸುಳಿ ಹಿಡೀದಿದ್ರೆ ಈ ಕೆಲಸಾನೇ ಬಿಡ್ತೀನಿ."

ಬುಧವಾರ ರಜೆ ಕೇಳಿದರೆ ಮೇಲ್ವಿಚಾರಕ ಕೊಡಲಿಲ್ಲ. ಕೊಡದಿದ್ದದ್ದು ಹೋಗಲಿ, ಅವಳ ದೇಶದಿಂದ ಬೆಳಗ್ಗೆ ಬರುವ ಒಂದೇ ಒಂದು ವಿಮಾನದ ಬಾಗಿಲಿಗೇ ಕುರ್ಚಿ ಹಿಡಿದು ಓಡಿಸಿದ. ಗಾಲಿಕುರ್ಚಿಯವರ ಲೋಕದಲ್ಲಿ ಪ್ರಯಾಣಿಕರಿಗೆ ಹೆಸರಿಲ್ಲ, ಸೀಟು ನಂಬರೇ ಹೆಸರು. ಚೀಟಿಯಲ್ಲಿ 'ಹನ್ನೊಂದು ಸಿ' ಎಂದಿತ್ತು. ಬಂದವರು ಒಂದು ಹಿಡಿಯಷ್ಟಿದ್ದ ಹೆಂಗಸು. ಕಿವಿಯವರೆಗೆ ಎಳೆದ ಉಣ್ಣೆ ಟೋಪಿ, ಬಾಯಿಗೆ ಮಾಸ್ಕು, ಮಡಿಲಲ್ಲಿ ಸಣ್ಣದೊಂದು ಚೀಲ. ನೆತ್ತಿಶಾಸ್ತ್ರಿಯ ಕಣ್ಣು ಅವರ ಮೇಲೆ ಎಲ್ಲಿತ್ತು? ಪಕ್ಕದಲ್ಲಿ ದಾಪುಗಾಲು ಹಾಕಿ ಹೋಗುವವರ ತಲೆಗಳ ಮೇಲಿತ್ತು.

"ಕಾಲು ಮೇಲಿಡಿ ತಾಯಿ" ಎಂದ. ಟೋಪಿ ಒಂದು ಕ್ಷಣ ಅಲುಗದೆ ನಿಂತು, ಆಮೇಲೆ ತಲೆಯಾಡಿಸಿತು.

ತಳ್ಳಿದ ರಭಸಕ್ಕೆ ನೆಲದ ಕಲ್ಲುಗಳೇ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಪಾಸ್‌ಪೋರ್ಟನ್ನು ಅವರೇ ಅಧಿಕಾರಿಯ ಕೈಗೆ ಕೊಟ್ಟರು, ಅವರೇ ವಾಪಸು ತೆಗೆದುಕೊಂಡರು. ಇವನು ಪಕ್ಕದ ಸಾಲಿನಲ್ಲಿ ಸುಳಿ ಹುಡುಕುತ್ತಿದ್ದ. ಪ್ರಯಾಣಿಕರನ್ನು ಬರಮಾಡಿಕೊಳ್ಳಲು ಬಂದವರಿಗೆ ಒಪ್ಪಿಸಿ, ಚೀಟಿಗೆ ಅವರ ಸಹಿ ಹಾಕಿಸಿಕೊಂಡೇ ಕೈಬಿಡಬೇಕೆಂಬುದು ನಿಯಮ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅದನ್ನು ಮುರಿದ. ಹೊರಗಿನ ಹಜಾರದ ಕಂಬದ ಪಕ್ಕ ಕುರ್ಚಿ ನಿಲ್ಲಿಸಿ, ಬ್ರೇಕ್ ಹಾಕಿ, "ನಿಮ್ಮವರು ಬರ್ತಾರೆ ತಾಯಿ, ಇಲ್ಲೇ ಇರಿ" ಎಂದವನೇ ಬಾಗಿಲೆದುರಿನ ಕಂಬಿಗೆ ಆತು ನಿಂತ.

ಬಾಗಿಲು ತೆರೆಯಿತು, ಮುಚ್ಚಿತು. ಪೆಟ್ಟಿಗೆ ಗುಡ್ಡೆ ಹಾಕಿಕೊಂಡವರು ಬಂದರು. ಬೋಳು, ಬಣ್ಣ ಬಳಿದದ್ದು, ಜಡೆ, ಜುಟ್ಟು, ಎಲ್ಲ ಬಂದವು. ಒಂದೊಂದು ತಲೆಗೂ ಅವನ ಎದೆ ಬಾಯಿಗೆ ಬಂದು ವಾಪಸು ಹೋಗುತ್ತಿತ್ತು. ಫಲಕ ಹಿಡಿದ ಚಾಲಕರು ತಮ್ಮ ತಮ್ಮವರನ್ನು ಕರೆದುಕೊಂಡು ಹೊರಟರು. ಅಪ್ಪಿಕೊಂಡವರು ಅಪ್ಪುಗೆ ಬಿಡಿಸಿಕೊಂಡು ಹೊರಟರು. ಹೆಂಡತಿಯ ಫೋನು.

"ಅತ್ತಿಗೆ ಸಿಕ್ಕಿದ್ರಾ? ಒಳಗಿನ ಕೋಣೆ ಗುಡಿಸಿ ಹಾಸಿಗೆ ಹಾಕಿದೀನಿ."

"ಇನ್ನೂ ಇಲ್ಲ ಕಣೇ."

"ಅಷ್ಟು ಹೊತ್ತು? ಹಾರಿ ಬಂದ್ರೋ, ಈಜಿ ಬಂದ್ರೋ?"

ಅವನಿಗೆ ನಗು ಬರಲಿಲ್ಲ. ಪೆಟ್ಟಿಗೆ ಬರುವ ಪಟ್ಟಿ ಒಳಗೆ ನಿಂತ ಸದ್ದು ಕೇಳಿಸಿತು. ಬಾಗಿಲು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ಬಂದಿರಬೇಕು, ಇವನನ್ನು ನೋಡಿಯೇ ಇರಬೇಕು, ಇವನು ಯಾರದೋ ತಲೆ ನೋಡುತ್ತಿದ್ದಾಗ ಪಕ್ಕದಲ್ಲೇ ಹಾದು ಹೋಟೆಲಿಗೆ ಹೋಗಿರಬೇಕು. ಹನ್ನೊಂದು ದಿನಕ್ಕೆ ಹತ್ತೊಂಬತ್ತು ವರ್ಷ ದಂಡ ಕಟ್ಟಿದ್ದ. ಈ ಒಂದು ಬೆಳಗಿಗೆ ಇನ್ನೆಷ್ಟು? ಅಷ್ಟು ಆಯುಸ್ಸು ಇಬ್ಬರಲ್ಲಿ ಯಾರಿಗಿದೆ?

"ಏನಯ್ಯ ಶಾಸ್ತ್ರಿ!" ಮೇಲ್ವಿಚಾರಕ ಹಿಂದಿನಿಂದ ಗದರಿದ. "ಹನ್ನೊಂದು ಸಿ ಅವರನ್ನ ಅನಾಥರ ಥರ ಕಂಬಕ್ಕೆ ಒರಗಿಸಿದೀಯಲ್ಲ! ಸಹಿ ಎಲ್ಲಿ?"

ನೆತ್ತಿಶಾಸ್ತ್ರಿ ಕಾಲೆಳೆದುಕೊಂಡು ಬಂದ. "ತಪ್ಪಾಯ್ತು ತಾಯಿ. ನಿಮ್ಮನ್ನ ಕರ್ಕೊಂಡು ಹೋಗೋಕೆ ಯಾರು ಬರ್ಬೇಕಿತ್ತು?"

"ತಮ್ಮ."

"ಬಂದಿಲ್ವಾ?"

"ಬಂದಿದಾನೆ. ಮುಕ್ಕಾಲು ಗಂಟೆಯಿಂದ ನನಗೆ ಬೆನ್ನು ತೋರಿಸ್ಕೊಂಡು ನಿಂತಿದಾನೆ." ಮಾಸ್ಕು ಕೆಳಗಿಳಿಯಿತು. "ನಿನ್ನ ಮುಖ ನೋಡಲ್ಲ ಅಂದಿದ್ದೆ. ಮಾತು ಉಳಿಸ್ಕೊಂಡೆ, ಬೆನ್ನು ನೋಡ್ತಾ ಕೂತಿದ್ದೆ. ದಪ್ಪ ಆಗಿದೀಯ."

ಅವನ ಕಣ್ಣು ಅಭ್ಯಾಸಬಲದಿಂದ ನೆತ್ತಿಗೇ ಹೋಯಿತು. ಅದನ್ನು ಕಂಡು ಅವಳು ಟೋಪಿ ತೆಗೆದಳು. ಎರಡು ಸುಳಿಯೂ ಇರಲಿಲ್ಲ, ಸೊಟ್ಟ ಬೈತಲೆಯೂ ಇರಲಿಲ್ಲ. ಔಷಧ ಒಂದು ಕೂದಲನ್ನೂ ಉಳಿಸಿರಲಿಲ್ಲ.

"ಯಾವಾಗಿಂದ?" ಎಂದ.

"ಒಂದು ವರ್ಷ ಆಯ್ತು."

"ಹೇಳ್ಬಾರ್ದಿತ್ತಾ ಅಕ್ಕ? ಒಂದು ಮಾತು?"

ಅವಳು ಟೋಪಿಯನ್ನು ಮಡಿಲಲ್ಲಿಟ್ಟು ಮಡಿಸಿದಳು, ಬಿಡಿಸಿದಳು. "ಯಾಕೆ ಸುಮ್ನೆ ಗಾಬರಿ ಮಾಡೋದು, ನಾಳೆ ಎದ್ದು ಕೂರ್ತೀನಿ ಅಂತ ದಿನಾ ಅಂದ್ಕೊಂಡೆ ಕಣೋ."

ಆ ಮಾತು ಯಾರದೆಂದು ಇಬ್ಬರಿಗೂ ಗೊತ್ತಿತ್ತು.

ನೆತ್ತಿಶಾಸ್ತ್ರಿ ಜೇಬಿನಿಂದ ಚೀಟಿ ತೆಗೆದು, ಬರಮಾಡಿಕೊಂಡವರ ಸಹಿ ಎಂಬ ಕಡೆ ತಾನೇ ಸಹಿ ಹಾಕಿದ. ಅಕ್ಷರ ಹುಳ ಹರಿದಂತಿತ್ತು. ಟೋಪಿಯನ್ನು ಎತ್ತಿ ಅವಳ ತಲೆಗೆ ಮೆಲ್ಲಗೆ ಇಳಿಸಿ, ಬ್ರೇಕ್ ಬಿಡಿಸಿದ.

ಅಕ್ಕ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡಳು. "ಹಾಗಂತ ಸೋತಿಲ್ಲ ಅಂದ್ಕೋಬೇಡ. ಗುರುತು ಹಿಡೀಲಿಲ್ಲ ನೀನು. ಹೋಟೆಲ್ ಕಾರು ಎಡಗಡೆ ಬಾಗಿಲಲ್ಲಿದೆ, ತಳ್ಳು."

ಕುರ್ಚಿ ಬಲಕ್ಕೆ ಹೊರಳಿತು, ಮನೆ ಕಡೆ ಹೋಗುವ ಬಸ್ಸಿನ ಬಾಗಿಲಿಗೆ.

"ಎಡಕ್ಕೆ ಅಂದ್ನಲ್ಲೋ!"

"ಕೂತವರು ದಾರಿ ಹೇಳ್ಬಾರ್ದು" ಎಂದ ಅವನು ಹಿಂದಿನಿಂದ, "ತೆಪ್ಪಗಿರಕ್ಕ."