ಹೆಬ್ಬೆರಳಿನ ಮೇಲಿನ ಖಾಕಿ

ಒಂದು ಉಗುರನ್ನು ಸಾಕ್ಷಿ ಮಾಡಿ ನೀವು ಒಬ್ಬ ಮನುಷ್ಯನನ್ನು ಹಿಡಿದುಕೊಟ್ಟಿರಿ. ಇಂದು ಬೀದರಿನ ಸಭೆಗಳಲ್ಲಿ ಹಾರ ಹಾಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂಡುವ ಹಿರಿಯರೇ, ಆ ಉಗುರನ್ನು ನಾನು ಬಲ್ಲೆ.

ಅದು ಬಣ್ಣಗಾರ ಚಾಚಾರ ಎಡ ಹೆಬ್ಬೆರಳಿನದು. ಅಗಲವಾಗಿ, ನಡುವೆ ಸೀಳಿ, ಸದಾ ಯಾವುದಾದರೊಂದು ಬಣ್ಣ ಹೊತ್ತಿರುತ್ತಿತ್ತು. ಬೀದರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವರು ಟಾಂಗಾಗಳಿಗೂ ಮೋಟಾರ್ ಸೈಕಲ್ಲುಗಳಿಗೂ ಬಣ್ಣ ಹಚ್ಚುತ್ತಿದ್ದರು. ಕಲಸಿದ ಬಣ್ಣವನ್ನು ಮೊದಲು ಆ ಉಗುರಿಗೆ ಬಳಿದು, ಬಿಸಿಲಿಗೊಮ್ಮೆ ನೆರಳಿಗೊಮ್ಮೆ ಹಿಡಿದು ಗಿರಾಕಿಗೆ ತೋರಿಸುವರು. ಕೆಲಸ ಮುಗಿದ ಮೇಲೆ ಪೆಟ್ರೋಲ್ ಟಾಕಿಯ ತಳದಲ್ಲಿ, ಯಾರಿಗೂ ಕಾಣದ ಕಡೆ, ಅದೇ ಉಗುರೊತ್ತಿ ಒಣಗಿತೇ ಎಂದು ನೋಡುವರು.

ಭಾಲ್ಕಿ, ಔರಾದಗಳ ಹಳ್ಳಿಗಳಲ್ಲಿ ಸಿಡುಬಿನ ಲಸಿಕೆ ಹಾಕುತ್ತಿದ್ದ ನನ್ನ ತಂದೆ, ಪೊಲೀಸ್ ಕಾರ್ಯಾಚರಣೆಗೆ ಕೆಲವೇ ದಿನ ಮೊದಲು ಹಳೆಯ ಮೋಟಾರ್ ಸೈಕಲ್ಲೊಂದನ್ನು ಕೊಂಡರು. ಯಾವ ಬಣ್ಣ, ಹೊಳಪೋ ಮಬ್ಬೋ ಎಂದು ಮಧ್ಯಾಹ್ನದವರೆಗೂ ಅಳೆದು ತೂಗಿದರು. ಹೆಣ್ಣು ನೋಡುವಾಗಲೂ ಡಾಕ್ಟರ್ ಸಾಹೇಬರು ಇಷ್ಟು ಹೊತ್ತು ತೆಗೆದುಕೊಂಡಿರಲಿಕ್ಕಿಲ್ಲ ಎಂದು ಚಾಚಾ ನಕ್ಕರು. ತಂದೆಗೆ ಬೇಕಿದ್ದದ್ದು ಹೊಳೆಯುವ ಕಪ್ಪು. ವಿಶ್ವವಿದ್ಯಾಲಯ ಮುಚ್ಚಿದ್ದರಿಂದ ಊರಿಗೆ ಬಂದಿದ್ದ ನಾನು ಅಡ್ಡ ಬಂದೆ. ಹೊಳೆಯುವ ಗಾಡಿಯನ್ನು ನಿಜಾಮನ ಕಡೆಯ ರಜಾಕಾರರು ದಾರಿಯಲ್ಲೇ ಕಸಿಯುತ್ತಾರೆ, ಹೊಳಪಿಲ್ಲದ ಖಾಕಿಯಾದರೆ ಸರ್ಕಾರದ್ದೆಂದು ಬಿಡುತ್ತಾರೆ ಎಂದು ವಾದಿಸಿದೆ.

ಚಾಚಾ ಉಗುರು ನೋಡಿಕೊಂಡು ಹೇಳಿದರು: "ಬಾಬು, ಖಾಕಿ ಇವತ್ತ ಉಳಸ್ತದ, ನಾಳಿ ಹಿಡಸ್ತದ. ಕರೀದೇ ಇರ್ಲಿರಿ."

ನಾನು ಕೇಳಲಿಲ್ಲ.

ಭಾರತದ ಸೈನ್ಯ ಬಂದ ಮೇಲೆ ಒಂದು ದಿನ, ಟಾಕಿಯ ಬಣ್ಣ ಎದ್ದಿತೆಂದು ಗಾಡಿಯನ್ನು ಮತ್ತೆ ಅವರಲ್ಲಿಗೆ ಒಯ್ದೆ. ಅವರು ಖಾಕಿ ಕಲಸಿ ಹಚ್ಚಿ ಮುಗಿಸುವಷ್ಟರಲ್ಲಿ ನೀವು ಸೈನಿಕರೊಂದಿಗೆ ಬಂದಿರಿ. ರಜಾಕಾರರ ಗಾಡಿಗಳಿಗೆ ಖಾಕಿ ಹಚ್ಚಿದವನು ಇವನೇ ಎಂದು ಚಾಚಾರ ಕೈ ಎತ್ತಿ, ಖಾಕಿ ಮೆತ್ತಿದ ಉಗುರು ತೋರಿಸಿದಿರಿ. ಹಿಂದೆ ರಜಾಕಾರರ ಬಂದೂಕಿನೆದುರು ಅವರು ಯಾರ ಗಾಡಿ ಮುಟ್ಟಿದ್ದರೋ ನಾನರಿಯೆ. ಆ ದಿನದ ಬಣ್ಣ ಮಾತ್ರ ನನ್ನದು. ಅದನ್ನು ನಾನು ಹೇಳಿದಾಗ, ನಿಜವೇ ಎಂದು ಅಧಿಕಾರಿ ನಿಮ್ಮನ್ನು ಕೇಳಿದ. ನನ್ನ ತಂದೆಯಿಂದ ಮೊಮ್ಮಕ್ಕಳಿಗೆ ಲಸಿಕೆ ಹಾಕಿಸಿದ್ದ ನೀವು, ನನ್ನನ್ನು ಕಂಡೇ ಇಲ್ಲವೆಂದಿರಿ. ಬಳಿಕ ನನ್ನ ಕಿವಿಯ ಹತ್ತಿರ ಬಂದು, "ಗಾಡಿ ಉಳದದಲ್ಲ, ತಗೊಂಡು ಸುಮ್ಮ ಊರಿಗಿ ಹೋಗು" ಎಂದಿರಿ.

ಹೊರಡುವ ಮುನ್ನ ಚಾಚಾ ಬಾಗಿ ಟಾಕಿಯ ತಳಕ್ಕೆ ಉಗುರೊತ್ತಿದರು. "ಇನ್ನಾ ಹಸಿ ಅದ ಬಾಬು. ಎರಡು ದಿನ ಬಿಸಿಲಿಗಿ ನಿಲ್ಲಸಬ್ಯಾಡ್ರಿ."

ಅವರು ಮರಳಲಿಲ್ಲ. ನಾನು ಗಾಡಿ ತೆಗೆದುಕೊಂಡು ಊರಿಗೆ ಹೋದೆ.

ಏಳು ವರ್ಷಗಳಾದವು. ಕುಂಚಗಳ ಕೂದಲು ಗಟ್ಟಿಯಾಗಬಾರದೆಂದು ಅವರ ಹೆಂಡತಿ, ನಮ್ಮ ಚಾಚಿ, ಇಂದಿಗೂ ಅವನ್ನು ತೊಳೆದಿಡುತ್ತಾರೆ. ಆದ್ದರಿಂದ ನಿಮ್ಮಲ್ಲೂ ಆಡಳಿತದಲ್ಲೂ ನನ್ನ ವಿನಂತಿ: ಅವರನ್ನು ಎಲ್ಲಿಗೆ ಒಯ್ಯಲಾಯಿತು, ಇದ್ದಾರೋ ಇಲ್ಲವೋ ಎಂಬುದನ್ನು ಚಾಚಿಗೆ ಬರಹದಲ್ಲಿ ತಿಳಿಸಬೇಕು. ಅಂದಿನ ನಿಮ್ಮ ಮಾತನ್ನು ನೀವು ಸಭೆಯಲ್ಲಿ ನಿಂತು ಹಿಂತೆಗೆದುಕೊಳ್ಳಬೇಕು. ವಿಚಾರಣೆ ನಡೆದರೆ ನನ್ನನ್ನೂ ಕರೆಯಬೇಕು. ಬಣ್ಣ ಆರಿಸಿದವನು ನಾನು. ಗಾಡಿ ಭಾಲ್ಕಿಯ ನಮ್ಮ ಮನೆಯಲ್ಲಿದೆ. ಟಾಕಿಯ ತಳದಲ್ಲಿ ಸೀಳುಗುರಿನ ಗುರುತು ಇನ್ನೂ ಅಳಿಸಿಲ್ಲ. ದಯವಿಟ್ಟು ಬಂದು ನೋಡಿರಿ, ಉತ್ತರ ಕೊಡಿರಿ.